ಕವರ್ ಆಟಗಾರನ ಜಮಾ-ಖರ್ಚು

ಹೋದ ವರ್ಷದ ಶ್ರಾವಣ. ಬೈರಾಪಟ್ಟಣದ ನಮ್ಮ ಮನೆಯ ಜಗಲಿ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಒಂಬತ್ತನೇ ಕ್ಲಾಸಿನ ಮೊಮ್ಮಗ ಸ್ಕೂಲಿನಿಂದ ಬಂದವನೇ ಬ್ಯಾಗನ್ನು ಮೂಲೆಗೆ ಎಸೆದ. ಕೆಮ್ಮಣ್ಣು ಮೆತ್ತಿದ ಮೊಣಕಾಲನ್ನೂ ತೊಳೆಯದೆ ಒಳಗೆ ಹೋಗಿ ಮುಸುಕು ಹಾಕಿಕೊಂಡು ಮಲಗಿದ. ಅವನ ಅಜ್ಜಿ ಬಿಸಿ ರಾಗಿ ರೊಟ್ಟಿ ತಟ್ಟಿ ಕರೆದರೂ ಏಳಲಿಲ್ಲ. ಅವನು ರೊಟ್ಟಿ ಬೇಡ ಅಂದರೆ ಯಾವುದೋ ದೊಡ್ಡ ಅನಾಹುತವೇ ಆಗಿರಬೇಕು ಅಂದುಕೊಂಡು ನಾನೂ ಒಳಗೆ ಹೋದೆ.

"ನಾಳೆಯಿಂದ ನಾನು ಕಬಡ್ಡಿಗೆ ಹೋಗಲ್ಲ ತಾತ. ಆಡಿದ್ರೆ ರೈಡರ್ ಆಗಿ ಆಡ್ತೀನಿ. ಇಲ್ಲಾಂದ್ರೆ ಇಲ್ಲ" ಅಂತ ಮುಸುಕಿನೊಳಗಿಂದಲೇ ಹೇಳಿದ.

ಆದದ್ದಿಷ್ಟು. ಪಕ್ಕದ ಊರಿನ ಸ್ಕೂಲಿನ ಜೊತೆ ಅಭ್ಯಾಸ ಪಂದ್ಯ. ಕೊನೆಯ ರೈಡ್ ಬಂದಾಗ ನಮ್ಮವರು 24, ಅವರು 23. ಎದುರಾಳಿ ರೈಡರ್ ಬಲಗಡೆಗೆ ಬಂದ. ಬಲ ಕವರ್‌ನಲ್ಲಿದ್ದ ನಮ್ಮ ಹುಡುಗ ಒಬ್ಬನೇ ನುಗ್ಗಿ ಡ್ಯಾಶ್ ಹೊಡೆಯಲು ಹೋದ. ರೈಡರ್ ಸೊಂಟ ತಿರುಗಿಸಿ ತಪ್ಪಿಸಿಕೊಂಡ. ಹೋಗುವ ದಾರಿಯಲ್ಲಿ ಇನ್ನೊಬ್ಬನನ್ನೂ ಮುಟ್ಟಿದ. ಎರಡು ಪಾಯಿಂಟ್ ಹೋಯಿತು, 24-25ರಲ್ಲಿ ಪಂದ್ಯವೂ ಹೋಯಿತು. ವಾಪಸ್ ಬರುವ ದಾರಿಯುದ್ದಕ್ಕೂ ಜೊತೆಯ ಹುಡುಗರು ಇವನ ಹೆಸರನ್ನೇ ಎತ್ತಿ ಆಡಿದ್ದಾರೆ.

"ನಾನು ಇಡೀ ಮ್ಯಾಚ್‌ನಲ್ಲಿ ಎಷ್ಟು ಸಾರಿ ಅಡ್ಡ ನಿಂತೆ ಅಂತ ಒಬ್ರೂ ಹೇಳಲಿಲ್ಲ ತಾತ. ತಪ್ಪಿದ್ದು ಒಂದು ಸಾರಿ. ಅದನ್ನ ಮಾತ್ರ ಎಲ್ರೂ ನೋಡಿದ್ರು."

ಈ ಮಾತು ನನಗೆ ನಾಟಿತು. ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕ ಟ್ಯಾಲಿ ಆದ ದಿನ ಯಾರೂ ಬಂದು ಬೆನ್ನು ತಟ್ಟಲಿಲ್ಲ. ಟ್ಯಾಲಿ ಆಗದ ದಿನ ಮಾತ್ರ ಎಲ್ಲರ ಕಣ್ಣೂ ನನ್ನ ಮೇಜಿನ ಮೇಲೆ. ಹಾಗಾಗಿ ಆ ರಾತ್ರಿ ಒಂದು ತೀರ್ಮಾನ ಮಾಡಿದೆ. ಹುಡುಗ ನಿಜವಾಗಿ ಚೆನ್ನಾಗಿ ಆಡುತ್ತಾನೋ ಇಲ್ಲವೋ, ಅವನ ಬಲ ಏನು, ದೌರ್ಬಲ್ಯ ಏನು ಅನ್ನುವುದನ್ನು ಅವನ ಸಿಟ್ಟಿನಿಂದಲೂ ತೀರ್ಮಾನಿಸಬಾರದು, ಗೆಳೆಯರ ಬೈಗುಳದಿಂದಲೂ ತೀರ್ಮಾನಿಸಬಾರದು. ಒಂದು ಲೆಕ್ಕದ ಪುಸ್ತಕ ತೆರೆಯಬೇಕು.

ಕವರ್ ಅಂದರೆ ಯಾರು?

ಮಕ್ಕಳಿಗೆಲ್ಲ ಗೊತ್ತಿರುತ್ತದೆ. ನನ್ನ ವಯಸ್ಸಿನವರಿಗಾಗಿ ಸ್ವಲ್ಪ ಹೇಳುತ್ತೇನೆ. ನಾವು ಸುಗ್ಗಿ ಮುಗಿದ ಕಣದಲ್ಲಿ ಆಡಿದ ಕಬಡ್ಡಿಗೂ ಈಗಿನ ಮ್ಯಾಟ್ ಮೇಲಿನ ಆಟಕ್ಕೂ ಬಹಳ ವ್ಯತ್ಯಾಸವಿದೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಕಡೆ ಏಳು ಜನ. ರೈಡ್‌ಗೆ ಬಂದವನಿಗೆ 30 ಸೆಕೆಂಡು. ಅಷ್ಟರಲ್ಲಿ ಮುಟ್ಟಿ ತನ್ನ ಅಂಕಣಕ್ಕೆ ವಾಪಸಾಗಬೇಕು.

ಹಿಡಿಯುವ ಏಳು ಜನ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತಾರೆ. ಎರಡು ತುದಿಯಲ್ಲಿ ಇರುವವರು ಕಾರ್ನರ್. ಅವರ ಪಕ್ಕದವರು ಇನ್. ಅವರ ಪಕ್ಕ ಕವರ್. ನಟ್ಟನಡುವೆ ಸೆಂಟರ್. ಕಾರ್ನರ್‌ನ ಮುಖ್ಯ ಕೆಲಸ ರೈಡರ್‌ನ ಕಾಲು ಹಿಡಿಯುವುದು. ಕವರ್‌ನ ಮುಖ್ಯ ಕೆಲಸ ಅವನು ಮಧ್ಯದ ಗೆರೆಗೆ ಓಡುವ ದಾರಿಯನ್ನು ಮುಚ್ಚುವುದು. ಎದೆಯೊಡ್ಡಿ ತಡೆದರೆ ಬ್ಲಾಕ್, ಭುಜ ಕೊಟ್ಟು ಗೆರೆಯಾಚೆ ತಳ್ಳಿದರೆ ಡ್ಯಾಶ್. ಇಬ್ಬರು ಕೈ ಹಿಡಿದುಕೊಂಡು ಸುತ್ತುಗಟ್ಟಿದರೆ ಅದು ಸರಪಳಿ, ಈಗಿನವರ ಮಾತಿನಲ್ಲಿ ಚೈನ್ ಟ್ಯಾಕಲ್.

ಒಂದು ವಿಷಯ ಗಮನಿಸಿ. ಐದು ಜನ ಸೇರಿ ರೈಡರ್‌ನನ್ನು ನೆಲಕ್ಕೆ ಕೆಡವಿದರೂ ತಂಡಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೇ ಪಾಯಿಂಟ್. ಅಂಕಪಟ್ಟಿಯಲ್ಲಿ ಆ ಪಾಯಿಂಟು ಒಬ್ಬನ ಹೆಸರಿಗೆ ಹೋಗುತ್ತದೆ. ದಾರಿ ಮುಚ್ಚಿ ನಿಂತವನ ಹೆಸರು ಬಹಳ ಸಾರಿ ಎಲ್ಲೂ ಇರುವುದಿಲ್ಲ. ಅದೇ ಕವರ್ ಆತುರಪಟ್ಟು ನುಗ್ಗಿ ತಪ್ಪಿದರೆ? ರೈಡರ್‌ಗೆ ಪಾಯಿಂಟು, ಇವನು ಅಂಕಣದಿಂದ ಹೊರಗೆ. ಅದು ಎಲ್ಲರಿಗೂ ಕಾಣುತ್ತದೆ.

ಅಮೆರಿಕದ ಮೊಮ್ಮಗ

ಇಂಥ ಕೆಲಸ ಕಬಡ್ಡಿಯಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ನನ್ನ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಆ ಕಡೆಯ ಮೊಮ್ಮಗ ಅಲ್ಲಿನ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಇಲ್ಲಿನ ರಾಮಾಯಣ ಹೇಳಿದಾಗ ಮಗಳು ನಕ್ಕಳು. "ಅಪ್ಪಾ, ಇವನದೂ ಅದೇ ಕಥೆ. ಮ್ಯಾಚ್ ಪೂರ್ತಿ ಆಡ್ತಾನೆ, ಚೆಂಡು ಮುಟ್ಟೋದೇ ಇಲ್ಲ."

ಆಮೇಲೆ ಆ ಹುಡುಗನೇ ವಿವರಿಸಿದ. ಅಲ್ಲಿ ಒಂದು ಕಡೆ ಹನ್ನೊಂದು ಜನ. ಚೆಂಡನ್ನು ಎಸೆಯುವ ಮುಖ್ಯ ಆಟಗಾರನ ಹೆಸರು ಕ್ವಾರ್ಟರ್‌ಬ್ಯಾಕ್. ಅವನನ್ನು ಕೆಡವಲು ಎದುರಾಳಿಗಳು ನುಗ್ಗಿ ಬರುತ್ತಾರೆ. ಅವರಿಗೆ ಅಡ್ಡವಾಗಿ ಗೋಡೆಯ ಹಾಗೆ ಐದು ಜನ ದಪ್ಪ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಅವರನ್ನು ಆಫೆನ್ಸಿವ್ ಲೈನ್‌ಮನ್ ಅನ್ನುತ್ತಾರೆ. ಎಸೆದ ಚೆಂಡನ್ನು ಅವರು ಸಾಮಾನ್ಯವಾಗಿ ಹಿಡಿಯುವ ಹಾಗೂ ಇಲ್ಲ. ಎದುರಾಳಿಯನ್ನು ಕೈಯಿಂದ ಜಗ್ಗಿ ಹಿಡಿದರೆ ಹತ್ತು ಗಜ ದಂಡ. ಆಗ ರೆಫರಿ ಆ ಆಟಗಾರನ ನಂಬರನ್ನು ಮೈಕಿನಲ್ಲಿ ಕೂಗಿ ಹೇಳುತ್ತಾನೆ. "ಅಜ್ಜಾ, ನಮ್ಮ ನಂಬರು ಮೈಕಿನಲ್ಲಿ ಬಂತು ಅಂದ್ರೆ ನಾವೇನೋ ತಪ್ಪು ಮಾಡಿದೀವಿ ಅಂತಲೇ ಅರ್ಥ" ಅಂದ ಹುಡುಗ.

ಅಂಥವರನ್ನು ಹೇಗೆ ತೂಗಿ ನೋಡುತ್ತಾರೆ ಅಂತ ಕೇಳಿದೆ. ಅಲ್ಲಿ ವೃತ್ತಿಪರ ತಂಡಗಳಿಗೆ ಸೇರಬಯಸುವವರಿಗೆ ಪ್ರತಿವರ್ಷ ದೊಡ್ಡ ಪರೀಕ್ಷೆಯೇ ನಡೆಯುತ್ತದಂತೆ. 40 ಗಜ ಓಡಿಸಿ ಸಮಯ ನೋಡುತ್ತಾರೆ. ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು ಎಷ್ಟು ಸಾರಿ ಎತ್ತುತ್ತಾರೆ ಅಂತ ಎಣಿಸುತ್ತಾರೆ. ಆದರೆ ಲೈನ್‌ಮನ್ ವಿಷಯದಲ್ಲಿ ಅಷ್ಟು ಸಾಲದು. ಪಾದ ಎಷ್ಟು ಚುರುಕು, ಸೊಂಟ ಎಷ್ಟು ಬಾಗುತ್ತದೆ, ಪಕ್ಕದವನ ಜೊತೆ ಎಷ್ಟು ಹೊಂದಿಕೊಂಡು ಆಡುತ್ತಾನೆ ಅನ್ನುವುದನ್ನು ಹಳೆಯ ಪಂದ್ಯಗಳ ವಿಡಿಯೋ ಹಾಕಿಕೊಂಡು ಮತ್ತೆಮತ್ತೆ ನೋಡುತ್ತಾರೆ.

ಅವನು ಹೇಳಿದ ಒಂದು ಕಥೆ ನನಗೆ ಬಹಳ ಹಿಡಿಸಿತು. ಜೋರ್ಡಾನ್ ಮೈಲಾಟ ಅಂತ ಆಸ್ಟ್ರೇಲಿಯಾದ ಆಟಗಾರ. ಆರಡಿ ಎಂಟಿಂಚು ಎತ್ತರ, 160 ಕಿಲೋಗೂ ಮೀರಿದ ತೂಕ. ಆಡುತ್ತಿದ್ದದ್ದು ರಗ್ಬಿ. ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಒಂದು ಸಾರಿಯೂ ಆಡಿರಲಿಲ್ಲ. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಆಯ್ಕೆಯ ಕೊನೆಯ ಸುತ್ತಾದ ಏಳನೇ ಸುತ್ತಿನಲ್ಲಿ ಅವನನ್ನು ತೆಗೆದುಕೊಂಡಿತು. ಬಲದ ಕಡೆ ದೊಡ್ಡ ದೇಹ, ಆ ದೇಹಕ್ಕೆ ಮೀರಿದ ಚುರುಕು ಪಾದ. ದೌರ್ಬಲ್ಯದ ಕಡೆ, ಆಟವೇ ಗೊತ್ತಿಲ್ಲ! ಮೊದಲ ಎರಡು ವರ್ಷ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಆ ದೌರ್ಬಲ್ಯ ಕಲಿಸಿದರೆ ಹೋಗುವಂಥದ್ದು. ಎತ್ತರವನ್ನು ಯಾರೂ ಕಲಿಸಲಾರರು, ಆಟವನ್ನು ಕಲಿಸಬಹುದು. 2020ರಿಂದ ಅವನು ಆಡತೊಡಗಿದ. 2025ರ ಫೆಬ್ರವರಿಯಲ್ಲಿ ಅದೇ ಈಗಲ್ಸ್ ತಂಡ ಸೂಪರ್ ಬೌಲ್ ಗೆದ್ದಾಗ ಎಡತುದಿಯ ಗೋಡೆ ಕಾದವನು ಅವನೇ.

ದೌರ್ಬಲ್ಯದಲ್ಲೂ ಎರಡು ಜಾತಿ ಇದೆ, ಕಲಿಸಿದರೆ ಹೋಗುವುದು, ಕಲಿಸಿದರೂ ಹೋಗದ್ದು ಅಂತ ನನ್ನ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡೆ.

ಮೈದಾನದಲ್ಲಿ ಗುಮಾಸ್ತ

ಮಾರನೆಯ ದಿನ ಸಂಜೆ ಹಳೆಯ ಲೆಕ್ಕದ ಪುಸ್ತಕ, ಪೆನ್ನು ಹಿಡಿದುಕೊಂಡು ಸ್ಕೂಲಿನ ಮೈದಾನಕ್ಕೆ ಹೋದೆ. ಮೊಮ್ಮಗನನ್ನು "ಇನ್ನು ಒಂದು ವಾರ ಮಾತ್ರ ಆಡು, ಆಮೇಲೆ ನಿನ್ನಿಷ್ಟ" ಅಂತ ಒಪ್ಪಿಸಿದ್ದೆ. ಬೇವಿನ ಮರದ ಬುಡದಲ್ಲಿ ಕೂತು ಮೂರು ಸಂಜೆ ಬರೆದೆ.

ಲೆಕ್ಕ ಹೀಗಿತ್ತು. ಮೂರು ಸಂಜೆಯಲ್ಲಿ ನಮ್ಮ ಹುಡುಗ 14 ಸಾರಿ ಹಿಡಿಯಲು ಹೋಗಿದ್ದ. ಸಿಕ್ಕಿದ್ದು ಐದು, ತಪ್ಪಿದ್ದು ಒಂಬತ್ತು.

ನಿಜ ಹೇಳಬೇಕೆಂದರೆ ನನಗೆ ಮುಖ ಚಿಕ್ಕದಾಯಿತು. ಹುಡುಗರು ಬೈದದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ಪಿ.ಟಿ. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತು ನನ್ನ ಪುಸ್ತಕ ನೋಡಿದರು.

"ಸಾರ್, ನೀವು ಬ್ಯಾಂಕಿನವರು. ಬರೀ ಮೊತ್ತ ನೋಡಿ ಅಕೌಂಟ್ ಹೇಗಿದೆ ಅಂತ ಹೇಳ್ತೀರಾ? ಒಂದೊಂದು ಎಂಟ್ರೀನೂ ನೋಡಲ್ವಾ?" ಅಂದರು.

ಆ ಮಾತು ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಒಂದು ಸಂಜೆ ಲೆಕ್ಕದಲ್ಲಿ 90 ರೂಪಾಯಿ ವ್ಯತ್ಯಾಸ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಿರಿಯ ಗುಮಾಸ್ತರೊಬ್ಬರು, "ಯಾರು ಮಾಡಿದ್ದು ಅಂತ ಹುಡುಕಬೇಡ್ರೋ, ಎಂಥ ತಪ್ಪು ಅಂತ ಹುಡುಕಿ. 90 ಒಂಬತ್ತರಿಂದ ಭಾಗವಾಗುತ್ತೆ, ಅಂಕಿ ತಿರುಗುಮುರುಗು ಆಗಿರುತ್ತೆ" ಅಂದರು. ಹಾಗೇ ಆಗಿತ್ತು. 650 ಬರೆಯುವ ಕಡೆ 560 ಅಂತ ಬರೆದಿದ್ದರು. ಬರೆದವನು ನಾನೇ! ಮಕ್ಕಳೇ, ಇದು ನಿಮ್ಮ ಲೆಕ್ಕಕ್ಕೂ ಉಪಯೋಗಕ್ಕೆ ಬರುತ್ತದೆ. ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಬೇಕಾದರೆ 54ನ್ನು 45 ಮಾಡಿ ನೋಡಿ.

ಹಾಗೆಯೇ ಆ ಒಂಬತ್ತು ತಪ್ಪುಗಳನ್ನೂ ಬಿಡಿಸಿ ನೋಡಿದೆ. ಒಂದು ಸಾರಿ ಕಾಲು ಜಾರಿತ್ತು. ಎರಡು ಸಾರಿ ಪಕ್ಕದವನು ತಡವಾಗಿ ಬಂದಿದ್ದ. ಉಳಿದ ಆರರಲ್ಲೂ ಒಂದೇ ಕಥೆ. ಕಾರ್ನರ್‌ನವನು ಇನ್ನೂ ಕಾಲು ಹಿಡಿದಿಲ್ಲ, ಇವನು ಒಬ್ಬನೇ ನುಗ್ಗಿದ್ದಾನೆ. ಸಿಕ್ಕಿದ ಐದರಲ್ಲಿ ನಾಲ್ಕು ಸಾರಿ ಕಾರ್ನರ್ ಮೊದಲು ಕಾಲು ಹಿಡಿದಿದ್ದ, ಆಮೇಲೆ ಇವನು ದಾರಿ ಮುಚ್ಚಿದ್ದ. ಅಂದರೆ ತಪ್ಪು ಒಂಬತ್ತಲ್ಲ, ಹೆಚ್ಚುಕಡಿಮೆ ಒಂದೇ ತಪ್ಪು ಮತ್ತೆಮತ್ತೆ ಆಗಿತ್ತು.

ಆಗದೆ ಉಳಿದದ್ದನ್ನೂ ಎಣಿಸಿ

ಮೇಷ್ಟ್ರು ಇನ್ನೊಂದು ಕಲಮ್ಮು ಹಾಕಿಸಿದರು. "ರೈಡರ್ ಇವನ ಕಡೆಗೆ ಎಷ್ಟು ಸಾರಿ ಬಂದ, ಎಷ್ಟು ಸಾರಿ ಬರಲೇ ಇಲ್ಲ, ಅದನ್ನೂ ಬರೀರಿ ಸಾರ್."

ನಾಲ್ಕನೇ ಸಂಜೆ 30 ರೈಡ್ ಬರೆದೆ. ರೈಡರ್‌ಗಳು ಬಲಗಡೆಗೆ ಹೋದದ್ದು 11 ಸಾರಿ, ಮಿಕ್ಕ 19 ಸಾರಿ ಎಡಗಡೆಗೆ. ತಕ್ಷಣ ನನ್ನ ತಾತನ ಮನಸ್ಸು ಆ 19ನ್ನೂ ಮೊಮ್ಮಗನ ಜಮೆಗೆ ಹಾಕಿಬಿಟ್ಟಿತು. ಆದರೆ ಗುಮಾಸ್ತನ ಮನಸ್ಸು ಒಪ್ಪಲಿಲ್ಲ. ಎಡ ಕಾರ್ನರ್‌ನಲ್ಲಿ ಎಂಟನೇ ಕ್ಲಾಸಿನ ಹೊಸ ಹುಡುಗನಿದ್ದ. ಅವನು ಎಳಸು ಅಂತ ಎಲ್ಲರೂ ಆ ಕಡೆ ಹೋಗಿರಬಹುದಲ್ಲ?

ತಿಳಿಯುವ ದಾರಿ ಒಂದೇ, ರೈಡರ್‌ಗಳನ್ನೇ ಕೇಳುವುದು. ಆಟ ಮುಗಿದ ಮೇಲೆ ಇಬ್ಬರನ್ನು ಬೇರೆಬೇರೆಯಾಗಿ ಕರೆದು, ಕಡಲೆಕಾಯಿ ಕೊಟ್ಟು ಕೇಳಿದೆ.

ಒಬ್ಬ ಹೇಳಿದ: "ಅವನ ಡ್ಯಾಶ್ ತಿಂದ್ರೆ ಎದೆ ಜುಂ ಅಂತದೆ ತಾತ. ಭಾಳ ಸ್ಪೀಡು. ಅದಕ್ಕೇ ಆ ಕಡೆ ಹೋಗಕ್ಕೆ ಯೋಚನೆ ಮಾಡ್ತೀವಿ."

ಇನ್ನೊಬ್ಬ ಹೇಳಿದ: "ಅವನು ಭಾಳ ಸ್ಪೀಡು ತಾತ, ಮೊದಲೇ ಬಂದ್ಬಿಡ್ತಾನೆ. ಪಾಯಿಂಟ್ ಬೇಕೇಬೇಕು ಅಂದಾಗ ಸುಮ್ನೆ ಕೈ ತೋರಿಸ್ತೀವಿ. ಕೈ ನೋಡ್ಕೊಂಡು ನುಗ್ತಾನೆ. ನಾವು ತಿರುಗ್ಬಿಡ್ತೀವಿ."

ಬಿ.ಕಾಂ. ಓದುವಾಗ ನಮಗೆ ಮೊದಲು ಕಲಿಸುವುದು ದ್ವಿನಮೂದು ಪದ್ಧತಿ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು, ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ಆ ಸಂಜೆ ಪುಸ್ತಕ ಬಿಡಿಸಿ ಎಡಪುಟದಲ್ಲಿ "ವೇಗ" ಅಂತ ಬರೆದೆ. ಬಲಪುಟದಲ್ಲೂ "ವೇಗ" ಅಂತಲೇ ಬರೆದೆ. ಹುಡುಗನ ಬಲವೂ ಅದೇ, ದೌರ್ಬಲ್ಯವೂ ಅದೇ. ಅವನ ವೇಗವನ್ನು ಕಡಿಮೆ ಮಾಡಿದರೆ ಖರ್ಚಿನ ಜೊತೆ ಜಮೆಯೂ ಹೋಗುತ್ತದೆ. ಬೇಕಾದದ್ದು ವೇಗವನ್ನು ಯಾವಾಗ ತೆಗೆದು ಖರ್ಚು ಮಾಡಬೇಕು ಅನ್ನುವ ತಿಳಿವಳಿಕೆ.

ದೊಡ್ಡವರ ಆಟದಲ್ಲಿ

ಇದನ್ನು ಟಿ.ವಿ.ಯಲ್ಲಿ ಬರುವ ದೊಡ್ಡವರ ಆಟದಲ್ಲೂ ನೋಡಬಹುದು. ಪ್ರೊ ಕಬಡ್ಡಿ ಲೀಗ್ ಶುರುವಾದದ್ದು 2014ರಲ್ಲಿ. ನಮ್ಮ ಬೆಂಗಳೂರು ಬುಲ್ಸ್ ಆರನೇ ಆವೃತ್ತಿಯಲ್ಲಿ ಚಾಂಪಿಯನ್ ಆಯಿತು. 2019ರ ಜನವರಿ 5ರ ಆ ಫೈನಲ್‌ನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ. ನಮ್ಮ ಮನೆಯಲ್ಲೂ ಎಲ್ಲರೂ ಎದ್ದು ಕುಣಿದೆವು. ಅದು ರೈಡರ್ ಗೆಲ್ಲಿಸಿದ ಪಂದ್ಯ, ಅನುಮಾನವೇ ಇಲ್ಲ.

ಅದರ ಪಕ್ಕ ಇನ್ನೊಂದು ಫೈನಲ್ ಇಟ್ಟು ನೋಡಿ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪುಣೇರಿ ಪಲ್ಟನ್ ತಂಡ ಹರಿಯಾಣ ಸ್ಟೀಲರ್ಸನ್ನು 28-25ರಿಂದ ಗೆದ್ದಿತು. ಎರಡೂ ಕಡೆಯ ಪಾಯಿಂಟು ಕೂಡಿಸಿದರೆ 53, ಹಿಂದಿನ ಫೈನಲ್‌ನಲ್ಲಿ 71. ಪಾಯಿಂಟು ಸುಲಭವಾಗಿ ಸಿಗದ ಹಾಗೆ ಎರಡೂ ಕಡೆಯವರು ಕಾದರು ಅಂತ ಅರ್ಥ. ಆ ಪುಣೇರಿ ತಂಡಕ್ಕೆ ತರಬೇತಿ ಕೊಟ್ಟವರು ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್. ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಅವರ ತರಬೇತಿಯಲ್ಲೇ ಬೆಂಗಾಲ್ ವಾರಿಯರ್ಸ್ ಕೂಡ ಚಾಂಪಿಯನ್ ಆಗಿತ್ತು.

ಹಿಡಿಯುವವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಇರಾನಿನ ಫಝಲ್ ಅತ್ರಾಚಲಿ. ಎಡ ಕಾರ್ನರ್. ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಪಾಯಿಂಟ್ ದಾಟಿದ ಮೊದಲಿಗ. ಅವನ ಆಟ ನೋಡಲು ಕೂತರೆ ಮೊಮ್ಮಗನಿಗೆ ಒಂದು ಕೆಲಸ ಕೊಡುತ್ತಿದ್ದೆ. "ಅವನು ಹಿಡಿದದ್ದನ್ನ ನೋಡಬೇಡ. ಹಿಡಿಯೋಕೆ ಮುಂಚೆ ಎಷ್ಟು ಹೊತ್ತು ಸುಮ್ಮನೆ ನಿಂತಿರ್ತಾನೆ ನೋಡು" ಅಂತ. ರೈಡರ್ ಕೈ ಬೀಸಿದರೂ ಅವನು ಅಲುಗುವುದಿಲ್ಲ. ಕಾಲು ಕೈಗೆಟುಕುವಷ್ಟು ಒಳಗೆ ಬಂದ ಮೇಲೆಯೇ ಕೈ ಹಾಕುತ್ತಾನೆ. ಅವನಿದ್ದ ಇರಾನ್ ತಂಡ 2018ರ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಭಾರತವನ್ನು 27-18ರಿಂದ ಸೋಲಿಸಿತು. 1990ರಿಂದ ಪ್ರತಿ ಏಷ್ಯನ್ ಕ್ರೀಡಾಕೂಟದಲ್ಲೂ ಪುರುಷರ ಚಿನ್ನ ಗೆಲ್ಲುತ್ತಾ ಬಂದಿದ್ದ ಭಾರತ ಇಡೀ ಪಂದ್ಯದಲ್ಲಿ 18 ಪಾಯಿಂಟಿಗೆ ನಿಂತುಹೋಯಿತು ಅಂದರೆ ಇರಾನಿನವರು ಹೇಗೆ ಕಾದಿರಬೇಕು ಯೋಚಿಸಿ. 2023ರಲ್ಲಿ ನಮ್ಮವರು ಆ ಚಿನ್ನವನ್ನು ಮತ್ತೆ ತಂದರು.

ಪುಸ್ತಕ ಓದಿದ ಮೊಮ್ಮಗ

ಒಂದು ವಾರ ಮುಗಿದ ಮೇಲೆ ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಬಚ್ಚಿಡಲಿಲ್ಲ, ಸಿಹಿ ಸವರಲಿಲ್ಲ. ಐದು ತಲೆಬರಹ ಹಾಕಿದ್ದೆ.

ಪಾದ: ಅಗಲ ಇಟ್ಟು ಗಟ್ಟಿಯಾಗಿ ನಿಲ್ಲುತ್ತಾನೆ. ಜಮಾ.

ಕಣ್ಣು: ರೈಡರ್‌ನ ಕೈ ನೋಡುತ್ತಾನೆ. ಕೈ ಸುಳ್ಳು ಹೇಳುತ್ತದೆ. ಸೊಂಟ ನೋಡಬೇಕು, ಸೊಂಟ ತಿರುಗದೆ ಮನುಷ್ಯ ತಿರುಗಲಾರ. ಖರ್ಚು.

ಗಳಿಗೆ: ವೇಗವಿದೆ, ಕಾಯುವುದಿಲ್ಲ. ಎರಡೂ ಕಡೆ.

ಜೊತೆ: ಕಾರ್ನರ್ ಹಿಡಿದಾಗ ಬಿಟ್ಟು ಓಡುವುದಿಲ್ಲ, ಕೊನೆಯವರೆಗೂ ನಿಲ್ಲುತ್ತಾನೆ. ಜಮಾ.

ತಪ್ಪಿದ ಮೇಲೆ: ಮುಂದಿನ ಮೂರು ನಾಲ್ಕು ರೈಡ್ ಬಾಯಿ ಬಿಡುವುದಿಲ್ಲ. ಪಕ್ಕದವನಿಗೆ ಕೂಗಿ ಹೇಳಬೇಕಾದದ್ದನ್ನೂ ಹೇಳುವುದಿಲ್ಲ. ಖರ್ಚು. ಇದು ಎಲ್ಲಕ್ಕಿಂತ ದುಬಾರಿ.

ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು. "ಖರ್ಚಿನ ಕಡೆಯೂ ಐತಲ್ಲ ತಾತ, ನೀನೂ ಅವರ ಥರಾನೇ" ಅಂದ.

"ಅವರು ಏನಂದ್ರು?"

"ಆಟಕ್ಕೆ ಲಾಯಕ್ಕಿಲ್ಲ ಅಂದ್ರು."

"ನಾನು ಹಾಗೆ ಎಲ್ಲಿ ಬರೆದಿದ್ದೀನಿ ತೋರಿಸು ನೋಡೋಣ."

ಮತ್ತೆ ಓದಿದ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಈ ಖರ್ಚು ಮೂರರಲ್ಲಿ ಕಲಿತರೆ ಹೋಗೋದು ಯಾವ್ಯಾವುದು?" ಅಂತ ಕೇಳಿದ.

"ಮೂರೂ" ಅಂದೆ.

ಅವನ ಅಜ್ಜಿ ಒಳಗಿನಿಂದ, "ಏನೂಂದ್ರೆ, ಮಗೂಗೆ ರೊಟ್ಟಿ ತಿನ್ನಕ್ಕಾದ್ರೂ ಬಿಡ್ತೀರೋ, ಅದಕ್ಕೂ ಲೆಕ್ಕ ಬರೀತೀರೋ?" ಅಂದಳು. ಆ ರಾತ್ರಿ ಅವನು ನಾಲ್ಕು ರೊಟ್ಟಿ ತಿಂದ. ಅದನ್ನು ನಾನು ಬರೆಯಲಿಲ್ಲ.

ಮೇಷ್ಟ್ರು ಒಂದು ಸಣ್ಣ ಅಭ್ಯಾಸ ಮಾಡಿಸಿದರು. ಬಲ ಕಾರ್ನರ್ ಹುಡುಗ ರೈಡರ್‌ನ ಕಾಲಿಗೆ ಕೈ ಹಾಕಿದ ಕೂಡಲೇ "ಹಾ" ಅಂತ ಕೂಗಬೇಕು. ಆ ಕೂಗು ಕೇಳುವವರೆಗೂ ಇವನು ಹೆಜ್ಜೆ ಎತ್ತುವ ಹಾಗಿಲ್ಲ. ಮೊದಲೆರಡು ದಿನ ಇವನ ಪಾಡು ನೋಡಲಾಗುತ್ತಿರಲಿಲ್ಲ, ಹಗ್ಗ ಕಟ್ಟಿದ ಕರುವಿನ ಹಾಗೆ ನಿಂತಲ್ಲೇ ಒದ್ದಾಡುತ್ತಿದ್ದ. ಎರಡು ವಾರದಲ್ಲಿ ಒದ್ದಾಟ ನಿಂತಿತು.

ಕೊನೆಯ ರೈಡ್

ಹೋಬಳಿ ಮಟ್ಟದ ಫೈನಲ್ ದಿನ ಬಿಸಿಲು ಚೆನ್ನಾಗಿತ್ತು. ಗೆರೆಗೆ ಸುಣ್ಣದ ಪುಡಿ ಹಾಕಿದ್ದರು. ನಾನೂ ಪುಸ್ತಕ ಹಿಡಿದು ಕೂತಿದ್ದೆ. ಅಚ್ಚರಿಯೆಂದರೆ ಆ ದಿನವೂ ಕೊನೆಯ ರೈಡ್ ಬಂದಾಗ ನಮ್ಮವರು ಒಂದೇ ಪಾಯಿಂಟ್ ಮುಂದೆ. ಅಂಕಣದಲ್ಲಿ ನಮ್ಮವರು ಐದು ಜನ ಉಳಿದಿದ್ದರು. ಬೋನಸ್ ಸಿಗಬೇಕಾದರೆ ಎದುರಿಗೆ ಆರು ಜನವಾದರೂ ಇರಬೇಕು. ಹಾಗಾಗಿ ರೈಡರ್ ಯಾರನ್ನಾದರೂ ಮುಟ್ಟಲೇಬೇಕಿತ್ತು.

ಅವನು ನೇರ ಬಲಗಡೆಗೆ ಬಂದ. ಕೈ ತೋರಿಸಿದ. ನಮ್ಮ ಹುಡುಗನ ಭುಜ ಅಲುಗಿದ್ದು ನನಗೆ ಕಾಣಿಸಿತು. ಪಾದ ಅಲುಗಲಿಲ್ಲ. ಇನ್ನೊಂದು ಸಾರಿ ಕೈ ತೋರಿಸಿದ. ಸುತ್ತ ನಿಂತ ಹುಡುಗರು "ಹಿಡಿಯೋ, ಹಿಡಿಯೋ" ಅಂತ ಕಿರುಚುತ್ತಿದ್ದರು. ಅವನು ಹಿಡಿಯಲಿಲ್ಲ. ಸಮಯ ಕಳೆಯುತ್ತಾ ಬಂತು. ರೈಡರ್‌ಗೆ ಬೇರೆ ದಾರಿ ಉಳಿಯಲಿಲ್ಲ, ಕಾರ್ನರ್ ಕಡೆಗೆ ಕಾಲು ಚಾಚಿದ.

"ಹಾ!"

ಕಾರ್ನರ್ ಹುಡುಗನ ಎರಡೂ ಕೈ ರೈಡರ್‌ನ ಕಾಲಿನ ಗೆಣ್ಣಿನ ಮೇಲೆ. ರೈಡರ್ ಗೆರೆಯ ಕಡೆ ಹಾರಲು ತಿರುಗಿದ. ತಿರುಗಿದರೆ ಎದುರಿಗೆ ನಮ್ಮ ಹುಡುಗನ ಎದೆ.

ಪಾಯಿಂಟ್ ಕಾರ್ನರ್ ಹುಡುಗನ ಹೆಸರಿಗೆ ಹೋಯಿತು. ಅದು ನ್ಯಾಯವೇ, ಕಾಲು ಹಿಡಿದವನು ಅವನು. ಎಲ್ಲರೂ ಓಡಿಹೋಗಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ನಮ್ಮವನು ಮೈಗೆ ಮೆತ್ತಿದ ಮಣ್ಣು ಕೊಡವಿಕೊಂಡು ಬಿಂದಿಗೆಯ ಹತ್ತಿರ ಹೋಗಿ ನೀರು ಕುಡಿದ. ಆಮೇಲೆ ನಾನು ಕೂತಿದ್ದ ಕಡೆಗೆ ತಿರುಗಿ, ಎಡಗೈ ಅಂಗೈ ಮೇಲೆ ಬಲಗೈ ಬೆರಳಿನಿಂದ ಬರೆಯುವ ಹಾಗೆ ಸನ್ನೆ ಮಾಡಿದ. 'ಬರೆದೆಯಾ ತಾತ?' ಅಂತ.

ಬರೆದಿದ್ದೆ.

ತಾಲ್ಲೂಕು ಮಟ್ಟದಲ್ಲಿ ಎರಡನೇ ಪಂದ್ಯಕ್ಕೇ ಸೋತು ಬಂದರು. ಅವತ್ತು ಅವನು ಎರಡು ಸಾರಿ ಮತ್ತೆ ಆತುರಪಟ್ಟ. ಅದನ್ನೂ ಬರೆದಿದ್ದೇನೆ. ಆದರೆ ತಪ್ಪಿದ ಮೇಲೂ ಪಕ್ಕದವನನ್ನು ಕೂಗಿ ಎಚ್ಚರಿಸುತ್ತಲೇ ಇದ್ದ. ಹಾಗಾಗಿ ಐದನೇ ತಲೆಬರಹದ ಖರ್ಚನ್ನು ಹೊಡೆದುಹಾಕಿ ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ. ಅಳಿಸಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಅಳಿಸುವ ಹಾಗಿಲ್ಲ, ಗೆರೆ ಎಳೆದು ತಿದ್ದಬೇಕು. ಹಳೆಯದೂ ಕಾಣುತ್ತಿರಬೇಕು.

ಮಕ್ಕಳೇ, ಮುಂದಿನ ಸಾರಿ ಟಿ.ವಿ.ಯಲ್ಲಿ ಕಬಡ್ಡಿ ಬಂದಾಗ ಒಂದು ಪ್ರಯೋಗ ಮಾಡಿ. ಹತ್ತು ನಿಮಿಷ ರೈಡರ್‌ನನ್ನು ನೋಡಬೇಡಿ. ಒಬ್ಬ ಕವರ್ ಆಟಗಾರನನ್ನು ಮಾತ್ರ ನೋಡಿ. ಅವನ ಪಾದ, ಕಣ್ಣು, ಗಳಿಗೆ, ಜೊತೆ, ತಪ್ಪಿದ ಮೇಲೆ ಅವನು ಮಾಡುವುದು, ಈ ಐದನ್ನೂ ಎರಡು ಕಲಮ್ಮಿನಲ್ಲಿ ಬರೆಯಿರಿ. ಪಕ್ಕದಲ್ಲಿ ತಾತನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಅವರ ಕೈಯಲ್ಲೂ ಬರೆಸಿ, ಆಮೇಲೆ ಎರಡನ್ನೂ ಟ್ಯಾಲಿ ಮಾಡಿ ನೋಡಿ.

ನಮ್ಮ ಮನೆಯ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಹೋದ ತಿಂಗಳು ಮೊಮ್ಮಗ ಕೇಳಿ ತೆಗೆದುಕೊಂಡು ಹೋದ. ಎಡ ಕಾರ್ನರ್‌ನ ಆ ಹುಡುಗ ಈಗ ಒಂಬತ್ತನೇ ಕ್ಲಾಸಿಗೆ ಬಂದಿದ್ದಾನೆ, ಕಾಲು ಹಿಡಿಯುವುದು ಇನ್ನೂ ತಡವಾಗುತ್ತದಂತೆ. ಅವನ ಲೆಕ್ಕವನ್ನು ನಮ್ಮವನೇ ಬರೆಯುತ್ತಿದ್ದಾನೆ.